ಕೀಲಿ ತಿರುಗಿಸಿದರೂ ಸದ್ದಿಲ್ಲ: ಕ್ಲಚ್ ಸ್ವಿಚ್ಚನ್ನು ‘ಡೈರೆಕ್ಟ್’ ಮಾಡಿಸಬೇಡಿ

ಪ್ರಶ್ನೆ: ನಾನು ಕುಮಟಾ ತಾಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿ. ತವರು ಶಿರಸಿ ಕಡೆ. ನಮ್ಮದು ಎಂಟು ವರ್ಷದ ಹಳೆಯ ಪೆಟ್ರೋಲ್ ಕಾರು, ಕೀಲಿ ಹಾಕಿ ಸ್ಟಾರ್ಟ್ ಮಾಡುವಂಥದ್ದು. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಕೀಲಿ ತಿರುಗಿಸಿದರೆ ಏನೂ ಸದ್ದೇ ಇಲ್ಲ. ಲೈಟು, ಹಾರ್ನು ಎಲ್ಲ ಸರಿ ಇದೆ. ಕ್ಲಚ್ ಐದಾರು ಸಲ ಒತ್ತಿ ಬಿಟ್ಟು ಮಾಡಿದರೆ ಒಮ್ಮೆಲೇ ಸ್ಟಾರ್ಟ್ ಆಗುತ್ತದೆ. ಒಬ್ಬ ಮೆಕ್ಯಾನಿಕ್ ಸೆಲ್ಫ್ ಮೋಟರ್ ಬದಲಿಸಬೇಕು ಎಂದರು. ಇನ್ನೊಬ್ಬರು ‘ಕ್ಲಚ್ ಸ್ವಿಚ್ ಹೋಗಿದೆ, ಎರಡು ವೈರ್ ಜೋಡಿಸಿ ಡೈರೆಕ್ಟ್ ಮಾಡಿಕೊಡ್ತೇನೆ, ಐದು ನಿಮಿಷದ ಕೆಲಸ’ ಎಂದರು. ಯಾರ ಮಾತು ಕೇಳಲಿ? ಈ ಸ್ವಿಚ್ ಯಾಕೆ ಇರುತ್ತದೆ? ನಾವೇ ಬದಲಿಸಬಹುದಾ?

ಉತ್ತರ: ಅಕ್ಕೋರೇ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಕ್ಲಚ್ ಐದಾರು ಸಲ ಒತ್ತಿದರೆ ಸ್ಟಾರ್ಟ್ ಆಗುತ್ತದೆ ಎಂದಿರಲ್ಲ, ಅದನ್ನು ಓದಿದ ಮೇಲೆ ಸೆಲ್ಫ್ ಮೋಟರಿನ ಮೇಲಿನ ಅನುಮಾನ ನನಗೆ ಮುಕ್ಕಾಲು ಪಾಲು ಹೋಯಿತು. ನಿಮ್ಮ ಎಡಗಾಲು ಏನು ಮಾಡುತ್ತಿದೆ ಅಂತ ಸೆಲ್ಫ್ ಮೋಟರಿಗೆ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಪೆಡಲಿನ ಮೇಲ್ಗಡೆ, ಡ್ಯಾಶ್‌ಬೋರ್ಡಿನ ಕತ್ತಲಲ್ಲಿ ಕೂತಿರುವ ಹೆಬ್ಬೆರಳು ಗಾತ್ರದ ಒಂದು ಸ್ವಿಚ್ಚಿಗೆ ಮಾತ್ರ. ಹಾಗಾಗಿ ಎರಡನೇ ಮೆಕ್ಯಾನಿಕ್ ಕಾಯಿಲೆಯ ಜಾಗ ಸರಿಯಾಗಿಯೇ ಹಿಡಿದಿದ್ದಾರೆ. ಮದ್ದು ಮಾತ್ರ ತಪ್ಪು. ಡೈರೆಕ್ಟ್ ಮಾಡಿಸಬೇಡಿ.

ಯಾಕೆ ಬೇಡ ಎನ್ನುವ ಮೊದಲು ಅದರ ಕೆಲಸ ಏನು ಅಂತ ಹೇಳುತ್ತೇನೆ.

ಸೆಲ್ಫ್ ಮೋಟರ್ ಇಂಜಿನ್ ತಿರುಗಿಸುವಾಗ ನಿಮ್ಮಂಥ ಸಣ್ಣ ಪೆಟ್ರೋಲ್ ಕಾರಿನಲ್ಲೂ 100ರಿಂದ 200 ಆಂಪಿಯರ್ ಕರೆಂಟು ಎಳೆಯುತ್ತದೆ. ಅಷ್ಟು ಕರೆಂಟು ಕೀಲಿಯ ಒಳಗಿಂದ ಹಾಯ್ದರೆ ಕೀಲಿಯೇ ಸುಟ್ಟುಹೋಗುತ್ತದೆ. ಅದಕ್ಕೆ ನಡುವೆ ರಿಲೇ, ಅಂದರೆ ಸಣ್ಣ ಕರೆಂಟು ಕೊಟ್ಟರೆ ದೊಡ್ಡ ಕರೆಂಟಿನ ದಾರಿ ಕೂಡಿಸುವ ಸ್ವಿಚ್, ಇಟ್ಟಿರುತ್ತಾರೆ. ಕೀಲಿ ತಿರುಗಿಸಿದಾಗ ಹೊರಡುವುದು ಒಂದು ಸಣ್ಣ ಅಪ್ಪಣೆ ಅಷ್ಟೇ. ಅದು ರಿಲೇಯ ಕಾಯಿಲಿಗೆ ಹೋಗುತ್ತದೆ, ರಿಲೇ ‘ಟಿಕ್’ ಎನ್ನುತ್ತದೆ, ಅದು ಮೋಟರಿನ ಮೇಲಿರುವ ಸೊಲೆನಾಯ್ಡ್ ಎಂಬ ದೊಡ್ಡ ಸ್ವಿಚ್ಚನ್ನು ಎಬ್ಬಿಸುತ್ತದೆ, ಆಮೇಲೆ ದೊಡ್ಡ ಕರೆಂಟು ಬ್ಯಾಟರಿಯಿಂದ ನೇರ ಮೋಟರಿಗೆ. ಕ್ಲಚ್ ಸ್ವಿಚ್ ಕೂತಿರುವುದು ಆ ಸಣ್ಣ ಅಪ್ಪಣೆಯ ದಾರಿಯಲ್ಲಿ. ಪೆಡಲ್ ತಳದವರೆಗೆ ಒತ್ತಿದರೆ ದಾರಿ ಕೂಡುತ್ತದೆ. ಬಿಟ್ಟರೆ ಕಡಿಯುತ್ತದೆ. ಸ್ವಿಚ್ಚನ್ನು ಬಿಟ್ಟು ಅದರ ಎರಡು ವೈರ್ ನೇರ ಜೋಡಿಸಿ ‘ಡೈರೆಕ್ಟ್’ ಮಾಡಿದರೆ, ಕ್ಲಚ್ ಒತ್ತಲಿ ಬಿಡಲಿ, ದಾರಿ ಯಾವಾಗಲೂ ಕೂಡಿಯೇ ಇರುತ್ತದೆ. ಹೊಸ ಗಾಡಿಗಳಲ್ಲಿ ಈ ಅಪ್ಪಣೆ ಮೊದಲು ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ರಿಲೇಗೆ ಬರುತ್ತದೆ. ಆದರೆ ತತ್ವ ಅದೇ.

ಮಾರುತಿ 800, ಅಂಬಾಸಡರ್ ಓಡಿಸಿ ಬೆಳೆದವರಿಗೆ ಇದೆಲ್ಲ ಉಪದ್ರವ ಅನ್ನಿಸುತ್ತದೆ. ಆ ಗಾಡಿಗಳಲ್ಲಿ ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ ಅಂತ ಕೈಯಲ್ಲಿ ಅಲ್ಲಾಡಿಸಿ ನೋಡಿ ಕೀಲಿ ತಿರುಗಿಸುವುದೇ ಪದ್ಧತಿ. ಆ ಅಭ್ಯಾಸ ಒಳ್ಳೆಯದೇ, ಈಗಲೂ ಬಿಡಬೇಡಿ. ಆದರೆ ಅಭ್ಯಾಸ ಇರುವುದು ಓಡಿಸುವವರಿಗೆ. ಕೀಲಿ ತಿರುಗಿಸುವವರು ಯಾವಾಗಲೂ ಓಡಿಸುವವರೇ ಆಗಿರುವುದಿಲ್ಲ, ಅಲ್ವಾ?

ನಮ್ಮ ಜಿಲ್ಲೆಗೆ ಇದು ಇನ್ನೂ ಜಾಸ್ತಿ ಮುಖ್ಯ. ಘಟ್ಟದ ಮೇಲಿನ ಮನೆಗಳಿಗೆ ಸಮತಟ್ಟಾದ ಅಂಗಳ ಸಿಗುವುದೇ ಕಷ್ಟ. ಇಳಿಜಾರಿನಲ್ಲೇ ಗಾಡಿ ನಿಲ್ಲಬೇಕು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಎರಡು ದಿನ ಬಿಟ್ಟರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನಲ್ಲಿ ತುಕ್ಕು ಹಿಡಿದು ಬ್ರೇಕ್ ಶೂ ಅಂಟಿಕೊಳ್ಳುತ್ತದೆ. ಮೂರನೇ ದಿನ ಗಾಡಿ ಅಲ್ಲಾಡುವುದಿಲ್ಲ. ಅದಕ್ಕೇ ನಮ್ಮವರು ಹ್ಯಾಂಡ್‌ಬ್ರೇಕ್ ಬಿಟ್ಟು, ಫಸ್ಟ್ ಗೇರ್ ಹಾಕಿ, ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುತ್ತಾರೆ. ಕಾರವಾರದಿಂದ ಭಟ್ಕಳದವರೆಗೆ, ಶಿರಸಿಯಿಂದ ಸಿದ್ದಾಪುರದವರೆಗೆ ಇದೇ ರೂಢಿ. ತಪ್ಪಲ್ಲ, ನಾನೂ ಹಾಗೇ ಮಾಡುತ್ತೇನೆ. ಆದರೆ ಗೇರಿನಲ್ಲಿ ನಿಂತ ಗಾಡಿಗೆ ಕ್ಲಚ್ ಒತ್ತದೆ ಸೆಲ್ಫ್ ಕೊಟ್ಟರೆ ಏನಾಗುತ್ತದೆ? ಸೆಲ್ಫ್ ಮೋಟರಿನ ಬಲವೇ ಗಾಡಿಯನ್ನು ಮುಂದೆ ನೂಕುತ್ತದೆ. ಇಂಜಿನ್ ಹತ್ತಿಬಿಟ್ಟರೆ ಕೇಳುವುದೇ ಬೇಡ. ಚಕ್ರಕ್ಕೆ ಕೊಟ್ಟ ಕಲ್ಲು ಆಗ ಏನೂ ಲೆಕ್ಕಕ್ಕಿಲ್ಲ.

ಇದನ್ನು ನಾನು ಓದಿ ಕಲಿತದ್ದಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಅಂಕೋಲಾ ಕಡೆಯ ಒಂದು ಮನೆಯ ಕಾರಿಗೆ ಹೀಗೇ ಸ್ವಿಚ್ ಹೋಗಿತ್ತು. ಸಾಮಾನು ಹುಬ್ಬಳ್ಳಿಯಿಂದ ಬರಬೇಕು, ನಾಲ್ಕು ದಿನ ಬೇಕು. ಚೌತಿ ಹತ್ತಿರ, ಅವರಿಗೆ ಅರ್ಜೆಂಟು. ‘ಅಡ್ಡಿಲ್ಲ, ಸದ್ಯಕ್ಕೆ ಡೈರೆಕ್ಟ್ ಮಾಡಿಕೊಡ್ತೆ, ಸಾಮಾನು ಬಂದಾಗ ಹಾಕ್ವ’ ಎಂದೆ. ಎರಡು ವೈರ್ ಸುತ್ತಿ ಟೇಪ್ ಹಾಕಿದೆ. ಗಾಡಿ ಸರಿಯಾಗಿ ಸ್ಟಾರ್ಟ್ ಆದಮೇಲೆ ಸಾಮಾನಿನ ನೆನಪು ಅವರಿಗೂ ಹೋಯಿತು, ನನಗೂ ಹೋಯಿತು. ಆರು ತಿಂಗಳ ಮೇಲೆ ಮನೆಗೆ ಬಂದಿದ್ದ ಮಗು ಹಾಡು ಕೇಳಲಿಕ್ಕೆ ಅಂತ ಕೀಲಿ ತಿರುಗಿಸಿತು. ಗಾಡಿ ಗೇರಿನಲ್ಲಿತ್ತು. ಹಾರಿಹೋಗಿ ತುಳಸಿ ಕಟ್ಟೆಗೆ ಗುದ್ದಿ ನಿಂತಿತು. ಕಟ್ಟೆಯ ಮೂಲೆ ಒಡೆಯಿತು, ಬಂಪರ್ ಹೋಯಿತು, ಮಗು ಹೆದರಿತು. ಅಂಗಳದಲ್ಲಿ ಆಗ ಯಾರೂ ಇರಲಿಲ್ಲ. ಬಂಪರ್ ಬಿಚ್ಚಲು ಹೋದಾಗ ಮನೆಯವರು ನನಗೆ ಒಂದು ಮಾತು ಬೈಯಲಿಲ್ಲ, ಚಾ ಕೊಟ್ಟರು. ಕುಡಿಯಲು ಆಗಲಿಲ್ಲ. ಅವತ್ತಿನಿಂದ ಆ ಕೆಲಸ ಮಾಡಿಲ್ಲ.

ಈಗ ನಿಮ್ಮ ಗಾಡಿಗೆ ಬರೋಣ.

ಸ್ವಿಚ್ ಬದಲಿಸುವ ಮುಂಚೆ ಅದೇ ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ನನ್ನ ಅನುಭವದಲ್ಲಿ ‘ಸ್ವಿಚ್ ಹೋಗಿದೆ’ ಅಂತ ಬರುವ ಗಾಡಿಗಳಲ್ಲಿ ಸುಮಾರಿಗೆ ಸ್ವಿಚ್ ಸರಿಯೇ ಇರುತ್ತದೆ. ಕೆಟ್ಟಿರುವುದು ಅದರ ಅಕ್ಕಪಕ್ಕದ್ದು.

ಮೊದಲು ಬ್ಯಾಟರಿ. ಹೆಡ್‌ಲೈಟ್ ಹಾಕಿ, ಗೋಡೆಯ ಮೇಲೆ ಬೆಳಕು ಬೀಳುವಂತೆ ನಿಲ್ಲಿಸಿ, ಕೀಲಿ ತಿರುಗಿಸಿ. ಬೆಳಕು ಒಮ್ಮೆಲೇ ಮಂಕಾದರೆ ಬ್ಯಾಟರಿಯೋ ಅದರ ಟರ್ಮಿನಲ್ಲೋ ಕಾರಣ. ನಮ್ಮ ಕಡಲ ಬದಿಯಲ್ಲಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟುವುದು ಮಾಮೂಲಿ. ಬೆಳಕು ಸ್ವಲ್ಪ ಕುಗ್ಗಿ, ಬೋನೆಟ್ ಕಡೆಯಿಂದ ‘ಟಕ್’ ಅಂತ ಒಂದು ಗಟ್ಟಿ ಸದ್ದು ಬಂದು ಅಲ್ಲಿಗೇ ನಿಂತರೆ, ಆಗ ಸೆಲ್ಫ್ ಮೋಟರಿನ ಮೇಲೆ ಅನುಮಾನ ಪಡಬಹುದು. ಬೆಳಕು ಒಂದಿಷ್ಟೂ ಕುಗ್ಗಲಿಲ್ಲ, ಸದ್ದೂ ಇಲ್ಲ ಎಂದರೆ ಅಪ್ಪಣೆಯೇ ಮೋಟರಿಗೆ ಮುಟ್ಟಿಲ್ಲ. ನೀವು ಬರೆದದ್ದು ಈ ಮೂರನೇ ಜಾತಿ. ಮೀಟರ್ ಇದ್ದರೆ ಬ್ಯಾಟರಿಗೆ ಹಿಡಿದು ನೋಡಿ: ರಾತ್ರಿಯಿಡೀ ನಿಂತ ಒಳ್ಳೆ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು.

ಆಮೇಲೆ ಮ್ಯಾಟು. ನಗಬೇಡಿ. ಮಳೆಗಾಲದಲ್ಲಿ ನಾವೆಲ್ಲ ಏನು ಮಾಡುತ್ತೇವೆ? ಕಂಪನಿ ಮ್ಯಾಟಿನ ಮೇಲೆ ಒಂದು ರಬ್ಬರ್ ಮ್ಯಾಟ್, ಅದರ ಕೆಳಗೆ ಪೇಪರು, ಕೆಲವರು ಮೇಲೊಂದು ಗೋಣಿ ಚೀಲ. ಪೆಡಲ್ ತಳ ಮುಟ್ಟುವ ಮುಂಚೆಯೇ ಮ್ಯಾಟು ಅದನ್ನು ತಡೆಯುತ್ತದೆ. ಕ್ಲಚ್ ಅಷ್ಟಕ್ಕೇ ಬಿಡುತ್ತದೆ, ಗೇರೂ ಬೀಳುತ್ತದೆ. ಸ್ವಿಚ್ಚಿಗೆ ಮಾತ್ರ ಒಂದು ಅರ್ಧ ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಐದಾರು ಸಲ ಜೋರಾಗಿ ತುಳಿದಾಗ ಮ್ಯಾಟು ಒತ್ತಿಕೊಂಡು, ಪೆಡಲ್ ಕೆಳಗೆ ಹೋಗಿ, ಗಾಡಿ ಸ್ಟಾರ್ಟ್. ನಿಮ್ಮ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ. ಎಲ್ಲ ಮ್ಯಾಟ್ ತೆಗೆದು ಎರಡು ಮೂರು ದಿನ ನೋಡಿ. ಅಷ್ಟರಲ್ಲೇ ಸರಿಹೋದರೆ ಖರ್ಚು ಸೊನ್ನೆ.

ಮ್ಯಾಟ್ ತೆಗೆದಾಗ ನೆಲದ ಮೇಲೆ ಇನ್ನೊಂದು ವಿಷಯ ಹುಡುಕಿ. ಪ್ಲಾಸ್ಟಿಕ್ಕಿನ ಪುಡಿ. ಒಣಗಿದ ಹುಣಸೆ ಬೀಜದ ಸಿಪ್ಪೆಯ ಹಾಗೆ, ನೀಲಿ, ಕಂದು ಅಥವಾ ಬಿಳಿ ಬಣ್ಣದ ಚೂರುಗಳು. ಪೆಡಲಿನ ಕಬ್ಬಿಣದ ತೋಳಿಗೆ ಒಂದು ತೂತು ಇರುತ್ತದೆ, ಅದರೊಳಗೆ ಅಂಗಿ ಗುಂಡಿಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಬಿರಡೆ ಸಿಕ್ಕಿಸಿರುತ್ತಾರೆ. ಸ್ವಿಚ್ಚಿನ ಮೊಳೆಯನ್ನು ಒತ್ತುವುದು ಈ ಬಿರಡೆ. ಏಳೆಂಟು ವರ್ಷ ಬಿಸಿಲು, ಸೆಖೆ, ತೇವ ತಿಂದ ಮೇಲೆ ಇದು ಬಿಸ್ಕತ್ತಿನ ಹಾಗೆ ಪುಡಿಯಾಗಿ ಉದುರುತ್ತದೆ. ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಸ್ವಿಚ್ಚಿನ ಮೊಳೆ ಆ ಖಾಲಿ ತೂತಿನೊಳಗೇ ಹೋಗಿ ಕೂರುತ್ತದೆ, ಒತ್ತುವುದೇ ಇಲ್ಲ. ಬಹಳ ಗಾಡಿಗಳಲ್ಲಿ ಬ್ರೇಕ್ ಪೆಡಲಿಗೂ ಇಂಥದ್ದೇ ಬಿರಡೆ. ಅದು ಉದುರಿದರೆ ಹಿಂದಿನ ಬ್ರೇಕ್ ಲೈಟ್ ರಾತ್ರಿಯಿಡೀ ಉರಿದು, ಬೆಳಿಗ್ಗೆ ಬ್ಯಾಟರಿ ಖಾಲಿ. ಒಂದು ಉದುರಿದ್ದರೆ ಇನ್ನೊಂದನ್ನೂ ಆಗಲೇ ಬದಲಿಸಿಬಿಡಿ, ಎರಡಕ್ಕೂ ವಯಸ್ಸು ಒಂದೇ. ಬಿರಡೆಗೆ ಆಗುವ ಖರ್ಚು ಒಂದು ಹೊತ್ತಿನ ಊಟಕ್ಕಿಂತ ಜಾಸ್ತಿ ಇರುವುದಿಲ್ಲ.

ಬಗ್ಗಿ ನೋಡಲು ಕಷ್ಟ ಆದರೆ ಫೋನನ್ನು ಬಳಸಿ. ಟಾರ್ಚ್ ಹಾಕಿ, ವಿಡಿಯೋ ಶುರು ಮಾಡಿ, ಪೆಡಲಿನ ಪಕ್ಕ ನೆಲದ ಮೇಲೆ ಮೇಲ್ಮುಖವಾಗಿ ಇಡಿ. ಕ್ಲಚ್ಚನ್ನು ಮೆಲ್ಲಗೆ ನಾಲ್ಕು ಸಲ ಒತ್ತಿ ಬಿಡಿ. ಆಮೇಲೆ ಹೊರಗೆ ಕೂತು ನೋಡಿ. ಪೆಡಲಿನ ತೋಳು ಎಲ್ಲಿ ಹೋಗುತ್ತದೆ, ಸ್ವಿಚ್ಚಿನ ಮೊಳೆ ಒಳಗೆ ಹೋಗುತ್ತದಾ ಇಲ್ಲವಾ ಎಲ್ಲ ಕಾಣುತ್ತದೆ. ಎರಡು ಸ್ವಿಚ್ ಕಂಡರೆ ಗಾಬರಿ ಬೇಡ. ಪೆಡಲ್ ಪೂರ್ತಿ ಮೇಲಿದ್ದಾಗ ಒತ್ತಿಕೊಂಡಿರುವುದು ಬೇರೆ. ಅದು ಕ್ಲಚ್ ಮುಟ್ಟಿದ ಕೂಡಲೇ ಇಂಜಿನ್ ಕಂಪ್ಯೂಟರಿಗೆ ಹೇಳಲಿಕ್ಕೆ, ಕ್ರೂಸ್ ಕಂಟ್ರೋಲ್ ಇದ್ದರೆ ಅದನ್ನು ಬಿಡಿಸಲಿಕ್ಕೆ. ನಮಗೆ ಬೇಕಾದದ್ದು ಪೆಡಲ್ ತಳ ಮುಟ್ಟುವಾಗ ಒತ್ತುವ ಸ್ವಿಚ್. ಮೇಲಿನದನ್ನು ಬದಲಿಸಿ ‘ಹೊಸದು ಹಾಕಿದರೂ ಸರಿಯಾಗಲಿಲ್ಲ’ ಎಂದು ಬಂದವರನ್ನು ಕಂಡಿದ್ದೇನೆ.

ಬಿರಡೆ ಸರಿ ಇದೆ, ಮ್ಯಾಟ್ ಇಲ್ಲ, ಆದರೂ ಸದ್ದಿಲ್ಲ ಎಂದರೆ ಬೆರಳಿನ ಪರೀಕ್ಷೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಗಾಡಿಯ ಮುಂದೆ ಹಿಂದೆ ಯಾರೂ ಇರಬಾರದು. ಸ್ವಿಚ್ಚಿನ ಮೊಳೆಯನ್ನು ಬೆರಳಲ್ಲಿ ಪೂರ್ತಿ ಒತ್ತಿ ಹಿಡಿದು, ಇನ್ನೊಬ್ಬರಿಗೆ ಕೀಲಿ ತಿರುಗಿಸಲು ಹೇಳಿ. ಇಂಜಿನ್ ತಿರುಗಿದರೆ ಸ್ವಿಚ್ ಗಟ್ಟಿ ಇದೆ, ಅದರ ಮತ್ತು ಪೆಡಲಿನ ನಡುವಿನ ಅಂತರ ಹೆಚ್ಚಾಗಿದೆ ಅಷ್ಟೇ. ತಿರುಗದಿದ್ದರೆ ಸ್ವಿಚ್ಚು, ವೈರು, ರಿಲೇ, ಫ್ಯೂಸು ಇಷ್ಟರಲ್ಲಿ ಒಂದು. ರಿಲೇ ನೋಡುವುದು ಸುಲಭ. ಬೋನೆಟ್ ಕೆಳಗಿನ ಡಬ್ಬಿಯಲ್ಲಿ ಹಾರ್ನಿನದ್ದೋ ಬೇರೆ ಯಾವುದರದ್ದೋ ರಿಲೇ ಸರಿಯಾಗಿ ಅದೇ ನಂಬರಿನದ್ದು ಇದ್ದರೆ, ಅದಲು ಬದಲು ಮಾಡಿ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರದ ದೀಪ ಮಿನುಗುತ್ತಿದ್ದರೆ ಮಾತ್ರ ಇದೆಲ್ಲ ಬಿಟ್ಟುಬಿಡಿ. ಅದು ಕಳ್ಳತನ ತಡೆಯುವ ಇಮೊಬಿಲೈಸರ್ ಸಮಸ್ಯೆ, ದಾರಿ ಬೇರೆ. ಮತ್ತೆ, ಮಳೆಗಾಲದಲ್ಲಿ ಇಲಿಗಳಿಗೆ ಬೋನೆಟ್ ಒಳಗಿನಷ್ಟು ಬೆಚ್ಚಗಿನ ಮನೆ ಇನ್ನೊಂದಿಲ್ಲ. ವೈರಿನ ಸಿಪ್ಪೆ ಕಡಿದಿದೆಯಾ ಅಂತ ಒಮ್ಮೆ ಕಣ್ಣು ಹಾಯಿಸಿ.

ಸ್ವಿಚ್ಚನ್ನೇ ಅಳೆಯಲು ಮಲ್ಟಿಮೀಟರ್ ಬೇಕು. ಕನೆಕ್ಟರ್ ಬಿಚ್ಚಿ, ಸ್ವಿಚ್ಚಿನ ಎರಡು ಕಾಲಿಗೆ ಮೀಟರಿನ ಎರಡು ಕಡ್ಡಿ ಹಿಡಿಯಿರಿ. ಇಲ್ಲೊಂದು ಮಾತು. ಹೆಚ್ಚಿನವರು ‘ಬೀಪ್’ ಇಟ್ಟು ನೋಡಿ, ಸದ್ದು ಬಂತು, ಸ್ವಿಚ್ ಸರಿ ಎಂದು ಎದ್ದುಬಿಡುತ್ತಾರೆ. ಬೀಪ್ ನಂಬಬೇಡಿ. ಬಹಳ ಮೀಟರ್‌ಗಳು ಕರೆಂಟಿನ ದಾರಿಯಲ್ಲಿ ಮೂವತ್ತು ನಲವತ್ತು ಓಮ್ ತಡೆ ಇದ್ದರೂ ಕೂಗುತ್ತವೆ. ಓಮ್ ಅಂಕಿ ನೋಡಿ. ಒಳ್ಳೆ ಸ್ವಿಚ್ ಒತ್ತಿದಾಗ 1 ಓಮಿಗಿಂತ ಕಡಿಮೆ ತೋರಿಸಬೇಕು, ಬಿಟ್ಟಾಗ ಪೂರ್ತಿ ಕಡಿಯಬೇಕು. ಕೆಲವು ಗಾಡಿಗಳಲ್ಲಿ ಇದು ಉಲ್ಟಾ ಇರುತ್ತದೆ, ಒತ್ತಿದಾಗ ಕಡಿಯುತ್ತದೆ. ಹೇಗಾದರೂ ಒಂದು ಕಡೆ ಸೊನ್ನೆಯ ಹತ್ತಿರ, ಇನ್ನೊಂದು ಕಡೆ ಏನೂ ಇಲ್ಲ ಎನ್ನುವ ಹಾಗೆ ಸ್ಪಷ್ಟ ಇರಬೇಕು. ಹತ್ತಿಪ್ಪತ್ತು ಸಲ ಒತ್ತಿ ನೋಡಿ. ಒಮ್ಮೆ 0.4, ಒಮ್ಮೆ 60, ಇನ್ನೊಮ್ಮೆ 15 ಅಂತ ಕುಣಿದರೆ ಸ್ವಿಚ್ಚಿನ ಆಯಸ್ಸು ಮುಗಿದಿದೆ.

ಅಷ್ಟು ಸಣ್ಣ ಓಮಿಗೆ ಗಾಡಿ ಯಾಕೆ ನಿಲ್ಲಬೇಕು ಅಂತ ನಿಮಗೆ ಅನ್ನಿಸಬಹುದು. ನೀವು ಅಕ್ಕೋರು, ಲೆಕ್ಕ ಹಾಕೋಣ. ರಿಲೇಯ ಕಾಯಿಲಿಗೆ ಸುಮಾರು 80 ಓಮ್ ಇರುತ್ತದೆ. 12 ವೋಲ್ಟಿಗೆ ಅದರಲ್ಲಿ ಹರಿಯುವುದು 0.15 ಆಂಪಿಯರ್, ಇಷ್ಟೇ ಇಷ್ಟು. ಸ್ವಿಚ್ಚಿನ ಒಳಗಿನ ತಾಮ್ರದ ಮೇಲೆ ಉಪ್ಪುಗಾಳಿಗೆ ಹಸಿರು ಕಿಲುಬು ಕಟ್ಟಿ ಅದೂ 80 ಓಮ್ ಆಯಿತು ಅಂದುಕೊಳ್ಳಿ. 12 ವೋಲ್ಟು ಎರಡು ಪಾಲಾಗುತ್ತದೆ. ರಿಲೇಗೆ ಸಿಗುವುದು 6. ರಿಲೇ ಎಳೆದುಕೊಳ್ಳಲು ಸಾಮಾನ್ಯವಾಗಿ ಏಳೆಂಟು ವೋಲ್ಟು ಬೇಕು. ಟಿಕ್ ಎನ್ನುವುದಿಲ್ಲ. ನೀವು ಪೆಡಲನ್ನು ಐದಾರು ಸಲ ಒತ್ತಿದಾಗ ಒಳಗಿನ ತಾಮ್ರ ಒಂದಕ್ಕೊಂದು ಉಜ್ಜಿ, ಕಿಲುಬು ಸ್ವಲ್ಪ ಕೆರೆದುಹೋಗಿ, 80 ಓಮ್ ಹತ್ತಕ್ಕೆ ಇಳಿಯುತ್ತದೆ. ಈಗ ರಿಲೇಗೆ ಹತ್ತು ವೋಲ್ಟಿಗೂ ಜಾಸ್ತಿ. ಟಿಕ್, ಗಾಡಿ ಸ್ಟಾರ್ಟ್. ಬೆಳಿಗ್ಗೆ ತಂಡಿಗೆ ಕೈ ಕೊಟ್ಟು, ಮಧ್ಯಾಹ್ನ ಶಾಲೆ ಬಿಟ್ಟಾಗ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುವುದೂ ಇದಕ್ಕೇ. ಗ್ಯಾರೇಜಿಗೆ ತಂದಾಗ ಸರಿ ಇರುತ್ತದೆ, ಮನೆಗೆ ಹೋದರೆ ಮತ್ತೆ ಅದೇ ಕಥೆ.

ಈಗ ಬದಲಿಸುವ ಕೆಲಸ. ನಿಮ್ಮಿಂದ ಆಗುತ್ತದೆ. ಬೆನ್ನು ನೋವು ಇದ್ದರೆ ಮಾತ್ರ ಬೇಡ, ಯಾಕೆಂದರೆ ಕೆಲಸ ಸಣ್ಣದು, ಜಾಗ ಅದಕ್ಕಿಂತ ಸಣ್ಣದು.

ಸಾಮಾನು ತರುವಾಗ ಗಾಡಿಯ ಹೆಸರು, ವರ್ಷ ಹೇಳಿದರೆ ಸಾಲದು. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿಸ್ ನಂಬರ್ ಕೊಡಿ. ನೋಡಲು ಒಂದೇ ಥರ ಇರುವ ಎರಡು ಸ್ವಿಚ್‌ಗಳಲ್ಲಿ ಒಂದು ಒತ್ತಿದಾಗ ಕೂಡುವುದು, ಇನ್ನೊಂದು ಒತ್ತಿದಾಗ ಕಡಿಯುವುದು ಆಗಿರಬಹುದು. ಬೇರೆ ಜಾತಿಯದು ಹಾಕಿದರೆ ಗಾಡಿ ಕ್ಲಚ್ ಒತ್ತದೆ ಸ್ಟಾರ್ಟ್ ಆಗುತ್ತದೆ, ಒತ್ತಿದರೆ ಆಗುವುದಿಲ್ಲ! ಹೊಸದನ್ನು ಅಂಗಡಿಯಲ್ಲೇ ಮೀಟರ್ ಹಿಡಿದು ಹಳೆಯದಕ್ಕೆ ಹೋಲಿಸಿ. ಬಿರಡೆಯನ್ನೂ ಜೊತೆಗೇ ಕೇಳಿ.

ಬ್ಯಾಟರಿಯ ಮೈನಸ್ ಟರ್ಮಿನಲ್ ಮೊದಲು ತೆಗೆಯಿರಿ, ಹತ್ತರ ಪಾನಾ ಸಾಕು. ಸ್ಟೀರಿಂಗ್ ಸುತ್ತಮುತ್ತ ಏರ್‌ಬ್ಯಾಗ್ ವೈರು ಇರುತ್ತದೆ, ಹಳದಿ ಕನೆಕ್ಟರ್‌ನದ್ದು. ಮೈನಸ್ ತೆಗೆದು ಐದು ಹತ್ತು ನಿಮಿಷ ಬಿಟ್ಟು ಕೈ ಹಾಕಿ, ಹಳದಿಯನ್ನು ಮುಟ್ಟಲೇಬೇಡಿ. ಸೀಟು ಪೂರ್ತಿ ಹಿಂದೆ ದೂಡಿ. ಬಾಗಿಲ ಕೆಳಗಿನ ಪಟ್ಟಿ ಬೆನ್ನಿಗೆ ಒತ್ತುತ್ತದೆ, ಅಲ್ಲೊಂದು ದಿಂಬು ಇಡಿ. ಕನ್ನಡಕ ಹಾಕಿಕೊಳ್ಳಿ, ಎಂಟು ವರ್ಷದ ಧೂಳು ಕಣ್ಣಿಗೇ ಬೀಳುವುದು.

ಕನೆಕ್ಟರಿಗೆ ಒಂದು ನಾಲಿಗೆ ಇರುತ್ತದೆ. ಅದನ್ನು ಒತ್ತಿ ಹಿಡಿದು ಕನೆಕ್ಟರನ್ನೇ ಎಳೆಯಿರಿ, ವೈರನ್ನು ಎಳೆಯಬೇಡಿ. ಒಳಗೆ ಹಸಿರು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಲು ಬಿಡಿ. ಎಷ್ಟೋ ಸಲ ಇಷ್ಟಕ್ಕೇ ಗಾಡಿ ಸರಿಹೋಗುತ್ತದೆ. ಇನ್ನು ಸ್ವಿಚ್ಚಿನಲ್ಲಿ ಎರಡು ಬಗೆ. ಮರೆಯ ಬಗೆಯದ್ದಾದರೆ, ಅಂದರೆ ಸ್ಕ್ರೂ ಹಾಗೆ ಸುತ್ತಿ ಹಾಕುವುದಾದರೆ, ಅದಕ್ಕೆ ಒಂದು ಲಾಕ್‌ನಟ್ ಇರುತ್ತದೆ. ಬಿಚ್ಚುವ ಮುಂಚೆ ನಟ್ಟಿನ ಹೊರಗೆ ಎಷ್ಟು ಮರೆ ಕಾಣುತ್ತದೆ ಅಂತ ಫೋಟೋ ತೆಗೆದುಕೊಳ್ಳಿ, ಹೊಸದನ್ನೂ ಅಷ್ಟಕ್ಕೇ ನಿಲ್ಲಿಸಬಹುದು. ಇನ್ನೊಂದು, ಕಾಲು ಸುತ್ತು ತಿರುಗಿಸಿ ಎಳೆಯುವ ಬಗೆ. ಇವುಗಳಲ್ಲಿ ಕೆಲವು ತಾವೇ ಅಂತರ ಹೊಂದಿಸಿಕೊಳ್ಳುತ್ತವೆ, ಆದರೆ ಒಂದೇ ಸಲ. ಮೊಳೆಯನ್ನು ಪೂರ್ತಿ ಹೊರಗೆ ಎಳೆದು, ಪೊಟ್ಟಣದ ಮೇಲೆ ಹೇಳಿದ ಹಾಗೆ ಪೆಡಲ್ ಇಟ್ಟುಕೊಂಡು ಹಾಕಬೇಕು. ಸುಮ್ನೆ ಆಟಕ್ಕೆ ಒತ್ತಿ ಒತ್ತಿ ನೋಡಿದರೆ ಹೊಂದಾಣಿಕೆ ಅಲ್ಲೇ ಮುಗಿದುಹೋಗುತ್ತದೆ.

ಲಾಕ್‌ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪಾನಾದಲ್ಲಿ ಕಾಲು ಸುತ್ತು. ಸಾಕು. ಸ್ವಿಚ್ಚಿನ ಮೈ ಪ್ಲಾಸ್ಟಿಕ್, ಜೋರು ಮಾಡಿದರೆ ಮರೆ ತಿರುಗಿಹೋಗುತ್ತದೆ.

ಹೊಂದಿಸುವುದರಲ್ಲೇ ನಿಜವಾದ ಕೈಚಳಕ. ಪೆಡಲ್ ಕೆಳಗೆ ಹೋಗಿ ನಿಲ್ಲುವುದು ಅದರದ್ದೇ ಸ್ಟಾಪರಿಗೆ ತಾಗಿ. ಸ್ವಿಚ್ಚಿಗೆ ಗುದ್ದಿ ನಿಲ್ಲಬಾರದು. ಹಾಗಾದರೆ ಹೊಸ ಸ್ವಿಚ್ ಮೂರು ತಿಂಗಳೂ ಬಾಳುವುದಿಲ್ಲ. ಸ್ವಿಚ್ಚನ್ನು ಪೆಡಲಿಗೆ ತೀರಾ ಹತ್ತಿರ ತರಬಾರದು ಎನ್ನಲು ಇನ್ನೊಂದು ಕಾರಣವೂ ಇದೆ. ಪೆಡಲ್ ಅರ್ಧ ಒತ್ತುವಾಗಲೇ ಸ್ವಿಚ್ ಕೂಡಿಬಿಟ್ಟರೆ, ಕ್ಲಚ್ ಪೂರ್ತಿ ಬಿಡುವ ಮುಂಚೆಯೇ ಸೆಲ್ಫ್ ತಿರುಗುತ್ತದೆ. ಅದು ಡೈರೆಕ್ಟ್ ಮಾಡಿದ್ದಕ್ಕೆ ತಮ್ಮ.

ಬ್ಯಾಟರಿ ಕೂಡಿಸಿ ಪರೀಕ್ಷೆ ಮಾಡಿ. ಸಮತಟ್ಟು ಜಾಗ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಬಲಗಾಲು ಬ್ರೇಕಿನ ಮೇಲೆ. ಕ್ಲಚ್ ಮುಟ್ಟದೆ ಕೀಲಿ ತಿರುಗಿಸಿ. ಏನೂ ಆಗಬಾರದು. ಕೀಲಿಯನ್ನು ಹಾಗೇ ಹಿಡಿದುಕೊಂಡು ಕ್ಲಚ್ಚನ್ನು ಮೆಲ್ಲಗೆ ಒತ್ತುತ್ತಾ ಹೋಗಿ, ಸೆಲ್ಫ್ ಎಲ್ಲಿ ಹಿಡಿಯಿತು ಅಂತ ಕಾಲಿನಲ್ಲಿ ಗುರುತು ಇಟ್ಟುಕೊಳ್ಳಿ. ಆಮೇಲೆ ಫಸ್ಟ್ ಗೇರ್ ಹಾಕಿ, ಕ್ಲಚ್ ಬಿಡುತ್ತಾ ಬಂದಾಗ ಗಾಡಿ ಎಳೆಯಲು ಶುರು ಮಾಡುವ ಜಾಗ ನೋಡಿ. ಸೆಲ್ಫ್ ಹಿಡಿಯುವ ಜಾಗ ಅದಕ್ಕಿಂತ ಚೆನ್ನಾಗಿ ಕೆಳಗೆ ಇರಬೇಕು. ಒಂದೇ ಮಟ್ಟದಲ್ಲಿದ್ದರೆ ಸ್ವಿಚ್ಚನ್ನು ಒಂದೆರಡು ಸುತ್ತು ಹಿಂದೆ ತನ್ನಿ. ಕೆಲವು ಗಾಡಿಗಳು ನ್ಯೂಟ್ರಲ್‌ನಲ್ಲಿ ಕ್ಲಚ್ ಇಲ್ಲದೆಯೂ ಸ್ಟಾರ್ಟ್ ಆಗುವ ಹಾಗೆಯೇ ಮಾಡಿರುತ್ತಾರೆ, ಅದಕ್ಕೆ ಗೇರ್‌ಬಾಕ್ಸಿನಲ್ಲಿ ಬೇರೆ ಸ್ವಿಚ್ ಇರುತ್ತದೆ. ನಿಮ್ಮದು ಅಂಥದ್ದಲ್ಲ ಅಂತ ನಿಮ್ಮ ವಿವರಣೆಯಿಂದಲೇ ಗೊತ್ತಾಗುತ್ತದೆ.

ಪಕ್ಕದವರ ಗಾಡಿಗೂ ಇದೇ ಮದ್ದು ಹೇಳಲು ಹೋಗಬೇಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಲ್ಲಿ ಹೆಚ್ಚಾಗಿ ಮೊಳೆಯ ಸ್ವಿಚ್ ಇರುವುದಿಲ್ಲ. ಪೆಡಲಿನ ಒತ್ತಡವನ್ನು ಎಣ್ಣೆಯ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಮಾಸ್ಟರ್ ಸಿಲಿಂಡರ್ ಮೇಲೆ ಅಯಸ್ಕಾಂತ ಗುರುತಿಸುವ ಸೆನ್ಸರ್ ಇರುತ್ತದೆ. ಅದಕ್ಕೆ ಓಮ್ ಹಿಡಿದು ಪ್ರಯೋಜನ ಇಲ್ಲ, ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿಯೇ ನೋಡಬೇಕು.

ಇನ್ನೊಂದು ಎಚ್ಚರಿಕೆ. ಪೆಡಲ್ ಮೆತ್ತಗೆ ಸ್ಪಂಜಿನ ಹಾಗೆ ಆಗಿದ್ದರೆ, ಒತ್ತಿ ಒತ್ತಿ ಗಟ್ಟಿ ಮಾಡಬೇಕಾಗಿದ್ದರೆ, ಅಥವಾ ಪೆಡಲಿನ ತೋಳಿನ ಮೇಲೆ ಎಣ್ಣೆಯ ಥರ ಒದ್ದೆ ಇದ್ದರೆ, ಅದು ಸ್ವಿಚ್ಚಿನ ಸಮಸ್ಯೆ ಅಲ್ಲ. ಹೆಚ್ಚಾಗಿ ಮಾಸ್ಟರ್ ಸಿಲಿಂಡರ್ ಸೋರುತ್ತಿರುತ್ತದೆ. ಅಂಥ ಗಾಡಿಯನ್ನು ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿಸಬೇಡಿ, ಸೀದಾ ಗ್ಯಾರೇಜಿಗೆ ಒಯ್ಯಿರಿ.

ಹೊಸ ಸ್ವಿಚ್ ಹಾಕಿದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಹಸಿರು ಕಟ್ಟಿದರೆ, ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಒದ್ದೆ ಚಪ್ಪಲಿ, ಕಾಲ ಬುಡದಲ್ಲಿ ಇಡುವ ಕೊಡೆ ಒಂದು ಕಾರಣ. ಇನ್ನೊಂದನ್ನು ಯಾರೂ ನೋಡುವುದಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗೆ ಒಂದು ಜಾಲರಿ ಇದೆ. ಮಾವಿನ ಮರ, ಹಲಸಿನ ಮರದ ಕೆಳಗೆ ನಿಲ್ಲಿಸುವ ಗಾಡಿಗಳಲ್ಲಿ ಅದರ ಒಳಗೆ ಎಲೆ ಕೊಳೆತು ಗೊಬ್ಬರವೇ ಆಗಿರುತ್ತದೆ. ನೀರು ಹೋಗುವ ತೂತು ಕಟ್ಟಿ, ತುಂಬಿದ ನೀರು ಡ್ಯಾಶ್‌ಬೋರ್ಡಿನ ಒಳಗೆ, ಸರಿಯಾಗಿ ಪೆಡಲುಗಳ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಮೇ ತಿಂಗಳಲ್ಲೇ ಅದನ್ನು ಬಳಿದು, ಒಂದು ಚೊಂಬು ನೀರು ಹೊಯ್ದು ಕೆಳಗೆ ಚಕ್ರದ ಹತ್ತಿರ ಇಳಿಯುತ್ತದಾ ನೋಡಿ. ಕನೆಕ್ಟರಿನ ಒಳಗೆ ಒಂದು ಬೊಟ್ಟು ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರೆ ಉಪ್ಪುಗಾಳಿ ಒಳಗೆ ಹೋಗುವುದಿಲ್ಲ.

ಸಾಮಾನು ಬರುವವರೆಗೆ ಶಾಲೆಗೆ ಹೋಗುವುದು ಹೇಗೆ ಅಂತ ಕೇಳುತ್ತೀರಿ. ಬಿರಡೆ ಮಾತ್ರ ಉದುರಿದ್ದರೆ ಆ ತೂತಿಗೆ ಒಂದು ಸಣ್ಣ ಬೋಲ್ಟ್, ವಾಷರ್, ನಟ್ ಹಾಕಿ ಬಿಗಿದರೆ ವಾರ ನಡೆಯುತ್ತದೆ. ಬೋಲ್ಟಿನ ತಲೆ ಸ್ವಿಚ್ಚಿನ ಮೊಳೆಗೆ ಎದುರಾಗಿ ಇರಲಿ, ಬಿಗಿ ಸರಿ ಇರಲಿ. ಕಳಚಿ ಬ್ರೇಕ್ ಪೆಡಲಿನ ಕೆಳಗೆ ಉರುಳಬಾರದು. ಸ್ವಿಚ್ಚೇ ಹೋಗಿದ್ದರೆ ಮನೆ ಹತ್ತಿರದ ಇಳಿಜಾರಿನಲ್ಲಿ, ಮುಂದೆ ದಾರಿ ಖಾಲಿ ಇರುವ ಹಾಗೆ ಮುಖ ಮಾಡಿ ನಿಲ್ಲಿಸಿ. ಕೀಲಿ ಆನ್, ಸೆಕೆಂಡ್ ಗೇರ್, ಕ್ಲಚ್ ಒತ್ತಿ, ಬ್ರೇಕ್ ಬಿಟ್ಟು ಗಾಡಿ ಸ್ವಲ್ಪ ಓಟ ಹಿಡಿದಾಗ ಕ್ಲಚ್ಚನ್ನು ಪಟ್ಟನೆ ಬಿಟ್ಟು ಮತ್ತೆ ಒತ್ತಿ. ತಳ್ಳಿ ಸ್ಟಾರ್ಟ್ ಮಾಡುವಾಗ ಸೆಲ್ಫಿನ ಕೆಲಸವೇ ಇಲ್ಲ, ಹಾಗಾಗಿ ಕ್ಲಚ್ ಸ್ವಿಚ್ ಕೆಟ್ಟಿದ್ದರೂ ಇಂಜಿನ್ ಹತ್ತುತ್ತದೆ. ಇಂಜಿನ್ ಹತ್ತುವವರೆಗೆ ಬ್ರೇಕು, ಸ್ಟೀರಿಂಗು ಎರಡೂ ಗಟ್ಟಿ ಇರುತ್ತವೆ, ಅದು ನೆನಪಿರಲಿ. ಶಾಲೆಯ ಹತ್ತಿರ ಇಳಿಜಾರು ಇಲ್ಲದಿದ್ದರೆ ತಳ್ಳಲು ನಾಲ್ಕು ಜನ ದೊಡ್ಡವರನ್ನು ಕರೆಯಿರಿ. ಏಳನೇ ಕ್ಲಾಸಿನ ಹುಡುಗರು ಎಷ್ಟು ಹುರುಪಿನಿಂದ ಓಡಿ ಬಂದರೂ ಅವರನ್ನು ಗಾಡಿಯ ಹಿಂದೆ ನಿಲ್ಲಿಸಬೇಡಿ.